‘ನೈಸ್’ ಅಂದರೆ ಮೊದಲು ದಡ್ಡ ಅಂತ ಇತ್ತೇ?

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಇಂಗ್ಲಿಷ್ ಪ್ರಬಂಧದಲ್ಲಿ ‘ಮೈ ಗ್ರ್ಯಾಂಡ್‌ಮದರ್ ಈಸ್ ಎ ನೈಸ್ ಲೇಡಿ’ ಅಂತ ಬರೆದಿದ್ದಳು. ಟೀಚರ್ ‘ನೈಸ್’ಗೆ ಕೆಂಪು ಸುತ್ತು ಹಾಕಿದ್ದಾರೆ. ಅದೇ ವಾರ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ನೈಸ್ ಪದದ ನಿಜವಾದ ಅರ್ಥ ದಡ್ಡ, ಯಾರಿಗೂ ಹಾಗೆ ಹೇಳಬೇಡಿ ಅಂತ. ಅಜ್ಜಿಯನ್ನು ಬೈದುಬಿಟ್ಟೆನಾ ಅಂತ ಮಗಳು ಪೇಚಾಡುತ್ತಿದ್ದಾಳೆ. ಇದು ನಿಜವೇ? ದಡ್ಡ ಅನ್ನುವ ಪದ ಹೊಗಳಿಕೆ ಆಗೋದಾದರೂ ಹೇಗೆ?

ಉತ್ತರ: ಮೊದಲು ಮಗಳಿಗೆ ಸಮಾಧಾನ ಹೇಳಿ. ಅವಳು ಅಜ್ಜಿಯನ್ನು ಬೈದಿಲ್ಲ. ಆ ಮೆಸೇಜ್‌ನಲ್ಲಿ ಅರ್ಧ ನಿಜ ಇದೆ. ‘ದಡ್ಡ’ ಅನ್ನೋದು ಆ ಪದದ ಹಳೆಯ ಅರ್ಥ, ಅದು ಸರಿ. ಆದರೆ ಹಳೆಯ ಅರ್ಥವೇ ನಿಜವಾದ ಅರ್ಥ ಅಂದುಕೊಂಡದ್ದು ತಪ್ಪು. ಕಾಲೇಜಿನಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಮೊದಲ ದಿನ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಪದ ಇದೇ. ನಾಲ್ಕೇ ಅಕ್ಷರದ ಪದ. ಏಳು ನೂರು ವರ್ಷದಲ್ಲಿ ಇದು ತಿರುಗಿದಷ್ಟು ದಾರಿ ತಿರುಗಿದ ಪದಗಳು ಇಂಗ್ಲಿಷಿನಲ್ಲಿ ಕಮ್ಮಿ.

ಶುರುವಾಗಿದ್ದು ಲ್ಯಾಟಿನ್‌ನಲ್ಲಿ. ಅಲ್ಲಿ ‘ಸ್ಕಿರೆ’ ಅಂದರೆ ತಿಳಿ, ಅರಿ. ಅದರ ಮುಂದೆ ‘ಇಲ್ಲ’ ಅನ್ನುವ ‘ನೆ’ ಸೇರಿ ‘ನೆಸ್ಕಿಯುಸ್’ ಆಯಿತು. ತಿಳಿಯದವನು, ಅರಿಯದವನು ಅಂತ ಅರ್ಥ. ನಿಮ್ಮ ಮಗಳ ಟೈಮ್‌ಟೇಬಲ್‌ನಲ್ಲಿರುವ ‘ಸೈನ್ಸ್’ ಕೂಡ ಇದೇ ‘ಸ್ಕಿರೆ’ಯಿಂದ ಬಂದದ್ದು. ಮನಸ್ಸಾಕ್ಷಿ ಅನ್ನೋಕೆ ಇಂಗ್ಲಿಷಿನಲ್ಲಿರುವ ‘ಕಾನ್ಷೆನ್ಸ್’ ಪದವೂ ಅಲ್ಲಿಂದಲೇ ಬಂತು. ಅಂದರೆ ಸೈನ್ಸ್ ಮತ್ತು ನೈಸ್ ಒಂದೇ ಮನೆಯ ಮಕ್ಕಳು.

ಲ್ಯಾಟಿನ್‌ನಿಂದ ಹಳೆಯ ಫ್ರೆಂಚ್‌ಗೆ ಬರುವಾಗ ‘ತಿಳಿಯದವನು’ ಹೋಗಿ ‘ಪೆದ್ದ’ ಆಯಿತು. 1066ರಲ್ಲಿ ಫ್ರೆಂಚ್ ಮಾತಾಡುತ್ತಿದ್ದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಸಾವಿರಗಟ್ಟಲೆ ಇಂಗ್ಲಿಷಿಗೆ ಬಂದವು. ನೈಸ್ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಳ್ಳೋದು 1300ರ ಆಸುಪಾಸಿನಲ್ಲಿ. ಆಗ ಅದರ ಉಚ್ಚಾರ ‘ನೈಸ್’ ಅಲ್ಲ, ಹೆಚ್ಚುಕಮ್ಮಿ ‘ನೀಸ’. ಹದಿನೈದನೇ ಶತಮಾನದಿಂದ ಈಚೆಗೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಆಗ ‘ಈ’ ಇದ್ದದ್ದು ‘ಐ’ ಆಯಿತು. ‘ಟೀಮ’ ಅನ್ನುತ್ತಿದ್ದ ಪದ ‘ಟೈಮ್’ ಆಗಿದ್ದೂ ಹೀಗೆಯೇ.

ಇಂಗ್ಲಿಷ್ ಕವಿ ಚಾಸರ್ 1380ರ ದಶಕದಲ್ಲಿ ಬರೆದ ‘ಟ್ರಾಯ್ಲಸ್ ಅಂಡ್ ಕ್ರಿಸೀಡ್’ ಕಾವ್ಯದಲ್ಲಿ ಕೆಲವು ಸಾಲುಗಳಿವೆ. ನನಗೆ ತುಂಬಾ ಇಷ್ಟವಾದ ಸಾಲುಗಳು. ಅವನು ಅಲ್ಲಿ ಭಾಷೆ ಬದಲಾಗುವ ಬಗ್ಗೆಯೇ ಹೇಳುತ್ತಿದ್ದಾನೆ. ಸಾವಿರ ವರ್ಷದಲ್ಲಿ ಮಾತಿನ ರೂಪ ಬದಲಾಗುತ್ತೆ, ಆಗ ಬೆಲೆ ಇದ್ದ ಮಾತುಗಳು ಈಗ ನಮಗೆ ‘ನೀಸ’ ಅನ್ನಿಸುತ್ತವೆ, ವಿಚಿತ್ರ ಅನ್ನಿಸುತ್ತವೆ, ಆದರೂ ಅವರು ಹಾಗೆಯೇ ಮಾತಾಡಿದರು ಅನ್ನುತ್ತಾನೆ. ಇಲ್ಲಿ ‘ನೀಸ’ ಅಂದರೆ ಪೆದ್ದುಪೆದ್ದು. ಹಳೆಯ ಮಾತು ನಮಗೆ ವಿಚಿತ್ರವಾಗಿ ಕೇಳುತ್ತೆ ಅಂತ ಹೇಳೋಕೆ ಅವನು ಆರಿಸಿಕೊಂಡ ಪದವೇ ಇವತ್ತು ನಮಗೆ ವಿಚಿತ್ರವಾಗಿ ಕೇಳುತ್ತಿದೆ. ಆ ಸಾಲನ್ನು ಕ್ಲಾಸಿನಲ್ಲಿ ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು.

ನಿಮ್ಮ ಎರಡನೇ ಪ್ರಶ್ನೆ, ದಡ್ಡ ಅನ್ನೋದು ಹೊಗಳಿಕೆ ಆಗೋದು ಹೇಗೆ ಅನ್ನೋದು. ಅದಕ್ಕೆ ಉತ್ತರ ನಿಮ್ಮ ಬಾಯಲ್ಲೇ ಇದೆ. ‘ಮಗು ಎಷ್ಟು ಮುಗ್ಧವಾಗಿ ನಗುತ್ತೆ’ ಅಂತ ನಾವು ಹೇಳುತ್ತೇವೆ, ಅಲ್ವಾ? ಸಂಸ್ಕೃತದಲ್ಲಿ ‘ಮುಗ್ಧ’ ಮತ್ತು ‘ಮೂಢ’ ಎರಡೂ ಒಂದೇ ಧಾತುವಿನಿಂದ ಬಂದವು. ‘ಮುಹ್’ ಅಂದರೆ ಮಂಕಾಗು, ದಿಕ್ಕು ತಪ್ಪು. ‘ಮೋಹ’ ಕೂಡ ಅದರದ್ದೇ. ಮುಗ್ಧ ಅಂದರೂ ಮೊದಲಿಗೆ ಮಂಕು ಹಿಡಿದವನು, ತಿಳಿಯದವನು ಅಂತಲೇ. ಆಮೇಲೆ ‘ಏನೂ ತಿಳಿಯದ’ ಅನ್ನೋದು ‘ಕಪಟ ತಿಳಿಯದ’ ಆಯಿತು. ಕಪಟ ತಿಳಿಯದವರು ನೋಡೋಕೆ ಚೆಂದ, ಹಾಗಾಗಿ ಸಂಸ್ಕೃತ ಕಾವ್ಯದಲ್ಲಿ ಮುಗ್ಧ ಅಂದರೆ ಸುಂದರ ಅನ್ನುವ ಅರ್ಥವೂ ಬಂತು. ಅವಳಿ ಮಕ್ಕಳ ಹಾಗೆ ಹುಟ್ಟಿದ ಪದಗಳಲ್ಲಿ ‘ಮೂಢ’ ಬೈಗುಳವಾಗಿ ಉಳಿಯಿತು, ‘ಮುಗ್ಧ’ ಮುದ್ದು ಮಾಡುವ ಮಾತಾಯಿತು.

ಆದರೆ ನೈಸ್ ಪೂರ್ತಿ ಇದೇ ದಾರಿಯಲ್ಲಿ ಬರಲಿಲ್ಲ. ಅದು ಸುತ್ತುದಾರಿ ಹಿಡಿಯಿತು.

ಹದಿನಾಲ್ಕು, ಹದಿನೈದನೇ ಶತಮಾನದಲ್ಲಿ ಪೆದ್ದತನದ ಅರ್ಥ ಹತ್ತು ಕಡೆ ಕವಲೊಡೆಯಿತು. ಬುದ್ಧಿ ಇಲ್ಲದೆ ಆಡುವವನು ನೈಸ್. ಶೋಕಿ ಬಟ್ಟೆ ಹಾಕಿ ಮೆರೆಯುವವನು ನೈಸ್. ಸುಮ್ಮಸುಮ್ಮನೆ ನಾಚಿಕೊಳ್ಳುವವನೂ ನೈಸ್. ಚಿಕ್ಕಪುಟ್ಟದ್ದಕ್ಕೆಲ್ಲ ‘ಇದು ಹೀಗಿರಬೇಕು, ಅದು ಹಾಗಿರಬೇಕು’ ಅಂತ ಕೊಸರಾಡುವವನೂ ನೈಸ್. ಕಥೆ ತಿರುಗಿದ್ದು ಈ ಕೊನೆಯವನಿಂದ. ಇವನಿಗೆ ಕನ್ನಡದಲ್ಲಿ ಸರಿಯಾದ ಪದ ‘ನಾಜೂಕಯ್ಯ’.

ನಾಜೂಕು ಪಾರಸಿಯಿಂದ ನಮಗೆ ಬಂದ ಪದ. ಅದನ್ನು ನಾವು ಹೇಗೆಲ್ಲ ಬಳಸುತ್ತೇವೆ ನೋಡಿ. ಊಟದಲ್ಲಿ, ಬಟ್ಟೆಯಲ್ಲಿ ತಪ್ಪು ಹುಡುಕುವವರನ್ನು ಕಂಡು ‘ಅವರು ಭಾರಿ ನಾಜೂಕು’ ಅನ್ನುತ್ತೇವೆ. ಇದರಲ್ಲಿ ಸ್ವಲ್ಪ ಬೈಗುಳ ಇದೆ. ಗಾಜಿನ ಬಳೆ ಎತ್ತಿಡುವಾಗ ‘ನಾಜೂಕಾಗಿ ಹಿಡಿ’ ಅನ್ನುತ್ತೇವೆ. ಇಲ್ಲಿ ಬೈಗುಳ ಇಲ್ಲ, ಎಚ್ಚರ ಇದೆ. ಅಕ್ಕಸಾಲಿಗನ ಕೆಲಸ ನೋಡಿ ‘ಎಷ್ಟು ನಾಜೂಕಾಗಿದೆ’ ಅನ್ನುತ್ತೇವೆ. ಇದು ಹೊಗಳಿಕೆ. ಎರಡು ಮನೆಯವರ ಜಗಳದ ಬಗ್ಗೆ ‘ಇದು ನಾಜೂಕಿನ ವಿಷಯ’ ಅನ್ನುತ್ತೇವೆ. ಒಂದೇ ಪದ, ಬೈಗುಳದಿಂದ ಹೊಗಳಿಕೆವರೆಗೆ. ಹದಿನಾರು ಮತ್ತು ಹದಿನೇಳನೇ ಶತಮಾನದಲ್ಲಿ ನೈಸ್ ಪದ ಹೆಚ್ಚುಕಮ್ಮಿ ಈ ನಾಜೂಕಿನ ಜಾಗದಲ್ಲೇ ಇತ್ತು. ಪೆದ್ದನ ಕೊಸರಾಟ ಬರೀ ಕೊಸರಾಟ ಆಯಿತು. ಕೊಸರಾಟ ಅಚ್ಚುಕಟ್ಟು ಆಯಿತು. ಅಚ್ಚುಕಟ್ಟು ಸೂಕ್ಷ್ಮತೆ ಆಯಿತು. ಸಂಗೀತದ ಶ್ರುತಿಯನ್ನು ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಹಿಡಿಯುವ ಕಿವಿಗೆ ‘ನೈಸ್ ಇಯರ್’ ಅನ್ನುತ್ತಿದ್ದರು. ಇಂಪಾದ ಕಿವಿ ಅಂತಲ್ಲ, ಸೂಕ್ಷ್ಮ ಕಿವಿ ಅಂತ.

ಈ ನಡುವಿನ ಕಾಲದ ಬರಹ ಓದೋದು ಸುಲಭ ಅಲ್ಲ. ಬರೆದವನು ಯಾವ ಅರ್ಥ ಇಟ್ಟುಕೊಂಡಿದ್ದ ಅಂತ ಎಷ್ಟೋ ಕಡೆ ಹೇಳೋಕೆ ಆಗಲ್ಲ ಅಂತ ಆಕ್ಸ್‌ಫರ್ಡ್ ನಿಘಂಟಿನವರೇ ಒಪ್ಪಿಕೊಂಡಿದ್ದಾರೆ. ಒಮ್ಮೆ ಕ್ಲಾಸಿನಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ ನಡೆಯುತ್ತಿತ್ತು. ಷೇಕ್ಸ್‌ಪಿಯರ್ 1590ರ ದಶಕದಲ್ಲಿ ಬರೆದ ನಾಟಕ. ಕೊನೆಯ ಅಂಕದಲ್ಲಿ ಪಾದ್ರಿ ಲಾರೆನ್ಸ್‌ಗೆ ಒಂದು ಸುದ್ದಿ ಬರುತ್ತೆ. ಜೂಲಿಯೆಟ್ ಸತ್ತಿಲ್ಲ, ಔಷಧಿಯಿಂದ ಮಲಗಿದ್ದಾಳೆ ಅಂತ ತಿಳಿಸಲು ಅವನು ರೋಮಿಯೋಗೆ ಕಳಿಸಿದ್ದ ಕಾಗದ ತಲುಪಿಲ್ಲ. ಅವನು ಗಾಬರಿಯಿಂದ ‘ದ ಲೆಟರ್ ವಾಸ್ ನಾಟ್ ನೈಸ್’ ಅನ್ನುತ್ತಾನೆ. ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಕಾಗದ ಬರೆದವನೇ ಕಾಗದ ಚೆನ್ನಾಗಿರಲಿಲ್ಲ ಅಂತಿದ್ದಾನಲ್ಲ, ಯಾಕೆ?’ ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ಇವತ್ತಿನ ಅರ್ಥ ಇಟ್ಟುಕೊಂಡರೆ ಹಾಗೆಯೇ ಕೇಳಬೇಕು. ಇಲ್ಲಿ ನೈಸ್ ಅಂದರೆ ಕ್ಷುಲ್ಲಕ, ತಲೆ ಕೆಡಿಸಿಕೊಳ್ಳಬೇಕಾಗಿಲ್ಲದ್ದು. ‘ಅದು ಸುಮ್ನೆ ಬರೆದ ಕಾಗದ ಅಲ್ಲಪ್ಪಾ, ತುಂಬಾ ಮುಖ್ಯವಾದದ್ದು’ ಅಂತ ಅವನ ಸಂಕಟ. ತೀರಾ ಸಣ್ಣದರ ಬಗ್ಗೆ ಕೊಸರಾಡೋದು ನೈಸ್ ಆದರೆ, ಆ ಸಣ್ಣ ಸಂಗತಿಯೂ ನೈಸ್ ಆಗಿಬಿಟ್ಟಿತ್ತು. ಅದನ್ನು ತಿಳಿದು ಮತ್ತೆ ಓದಿದಾಗ ಆ ಸಾಲು ಎಷ್ಟು ಭಾರವಾಗುತ್ತೆ ಅಂತ ಕ್ಲಾಸಿಗೆ ಕ್ಲಾಸೇ ಗಮನಿಸಿತು.

1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ ತನ್ನ ದೊಡ್ಡ ನಿಘಂಟು ಹೊರತಂದಾಗಲೂ ನೈಸ್‌ಗೆ ಕೊಟ್ಟ ಮೊದಲ ಅರ್ಥ, ಅತಿ ಸಣ್ಣ ವಿವರದವರೆಗೂ ಕರಾರುವಾಕ್ಕಾಗಿ ತೂಗಿ ನೋಡುವ ಬುದ್ಧಿ ಅನ್ನೋದು. ಅಂದರೆ ‘ತಿಳಿಯದವನು’ ಅಂತ ಹೊರಟ ಪದ ‘ಚೆನ್ನಾಗಿ ತಿಳಿದು ಅಳೆಯುವವನು’ ಅನ್ನುವಲ್ಲಿಗೆ ಬಂದು ನಿಂತಿತ್ತು. ಈ ಅರ್ಥ ಇನ್ನೂ ಸತ್ತಿಲ್ಲ. ನಮ್ಮ ಕೋರ್ಟುಗಳ ತೀರ್ಪಿನಲ್ಲಿ ‘ಎ ನೈಸ್ ಕ್ವೆಶ್ಚನ್ ಆಫ್ ಲಾ’ ಅಂತ ಬರೋದುಂಟು. ಮುದ್ದಾದ ಪ್ರಶ್ನೆ ಅಂತಲ್ಲ, ಸೂಕ್ಷ್ಮವಾದ ಕಾನೂನಿನ ಪ್ರಶ್ನೆ ಅಂತ. ವಕೀಲರ ಮನೆಯವರಿಗೆ ಇದು ಗೊತ್ತಿರುತ್ತೆ.

ಇವತ್ತಿನ ಅರ್ಥ, ಅಂದರೆ ಹಿತವಾದ, ಚೆನ್ನಾಗಿರುವ ಅನ್ನೋದು, 1769ರ ಹೊತ್ತಿನಿಂದ ಬರಹದಲ್ಲಿ ಕಾಣಿಸುತ್ತೆ. ‘ಕರುಣೆ ಇರುವ, ಒಳ್ಳೆಯ ಮನಸ್ಸಿನ’ ಅನ್ನೋದು ಇನ್ನೂ ತಡ, 1830ರ ಹೊತ್ತಿಗೆ. ನಿಮ್ಮ ಮಗಳು ಅಜ್ಜಿಗೆ ಹೇಳಿದ್ದು ಈ ಎಲ್ಲದರಲ್ಲಿ ತೀರಾ ಹೊಸದಾದ ಅರ್ಥ. ಹೆಜ್ಜೆ ಹೇಗೆ ಬಿತ್ತು ಅಂತ ಊಹಿಸೋದು ಕಷ್ಟ ಅಲ್ಲ. ಸೂಕ್ಷ್ಮವಾಗಿ ಆರಿಸಿ ತಂದ ಬಟ್ಟೆ ನೈಸ್. ಅಚ್ಚುಕಟ್ಟಾಗಿ ಮಾಡಿದ ತಿಂಡಿ ನೈಸ್. ಹಾಗೆ ಮಾಡಿದ್ದು ಚೆನ್ನಾಗಿಯೂ ಇರುತ್ತೆ. ‘ಅಚ್ಚುಕಟ್ಟು’ ಅಂತ ಹೇಳಿದವನ ಮಾತನ್ನು ಕೇಳಿದವನು ‘ಚೆನ್ನಾಗಿದೆ’ ಅಂತ ತಿಳಿದುಕೊಂಡ. ಇಬ್ಬರೂ ತಪ್ಪು ಮಾಡಲಿಲ್ಲ. ಮುಂದಿನ ತಲೆಮಾರು ಕೇಳಿದವನ ಅರ್ಥವನ್ನು ಇಟ್ಟುಕೊಂಡಿತು, ಅಷ್ಟೇ.

ಈ ಬದಲಾವಣೆ ಆಗುತ್ತಿದ್ದಾಗಲೇ ಅದನ್ನು ಹಿಡಿದಿಟ್ಟವಳು ಜೇನ್ ಆಸ್ಟಿನ್. ಅವಳು ತೀರಿಕೊಂಡ ಮೇಲೆ, 1817ರ ಕೊನೆಗೆ ಹೊರಬಂದ ‘ನಾರ್ಥ್ಯಾಂಗರ್ ಆ್ಯಬಿ’ ಕಾದಂಬರಿಯಲ್ಲಿ ಮೂವರು ವಾಕಿಂಗ್ ಹೊರಟಿರುತ್ತಾರೆ. ಹದಿಹರೆಯದ ಕ್ಯಾಥರೀನ್ ತನಗೆ ಇಷ್ಟವಾದ ಒಂದು ಕಾದಂಬರಿಯನ್ನು ಪ್ರಪಂಚದಲ್ಲೇ ‘ನೈಸೆಸ್ಟ್’ ಪುಸ್ತಕ ಅನ್ನುತ್ತಾಳೆ. ಜೊತೆಗಿದ್ದ ಹೆನ್ರಿ ಟಿಲ್ನಿ ಕಾಲೆಳೆಯುತ್ತಾನೆ. ಅಚ್ಚುಕಟ್ಟಾಗಿದೆ ಅಂತ ತಾನೇ? ಹಾಗಾದರೆ ಅದು ಬೈಂಡಿಂಗ್ ನೋಡಿ ಹೇಳಬೇಕಾದ ಮಾತು ಅನ್ನುತ್ತಾನೆ. ಅಷ್ಟಕ್ಕೇ ಬಿಡಲ್ಲ. ಇವತ್ತು ನೈಸ್ ದಿನ, ನಾವು ನೈಸ್ ವಾಕ್ ಹೋಗುತ್ತಿದ್ದೇವೆ, ನೀವಿಬ್ಬರೂ ನೈಸ್ ಹುಡುಗಿಯರು, ಎಲ್ಲದಕ್ಕೂ ಆಗಿಬರುವ ಪದ ಇದು ಅನ್ನುತ್ತಾನೆ. ಮೊದಲು ಇದು ಅಚ್ಚುಕಟ್ಟು, ನಯ, ನಾಜೂಕಿಗೆ ಮಾತ್ರ ಇದ್ದ ಪದ ಅಂತ ಉಪದೇಶ ಬೇರೆ. ಆಗ ಅವನ ತಂಗಿ ಎಲೆನರ್ ಸುಮ್ಮನಿರದೆ, ಆ ಪದ ನಿನಗೇ ಸರಿಯಾಗಿ ಒಪ್ಪುತ್ತೆ, ನೀನು ವಿವೇಕಕ್ಕಿಂತ ನೈಸ್‌ತನ ಜಾಸ್ತಿ ಇರುವವನು ಅನ್ನುತ್ತಾಳೆ. ಕ್ಯಾಥರೀನಳ ನೈಸ್ ಅಂದರೆ ಚೆನ್ನಾಗಿರುವುದು. ಅಣ್ಣನ ನೈಸ್ ಅಂದರೆ ಅಚ್ಚುಕಟ್ಟು. ತಂಗಿಯ ನೈಸ್ ಅಂದರೆ ಕೊಸರಾಟ. ಅರ್ಧ ಪುಟದಲ್ಲಿ ಒಂದೇ ಪದದ ಮೂರು ವಯಸ್ಸು ಎದುರುಬದುರು ಕೂತಿವೆ.

ಇದರಲ್ಲಿ ನಿಮ್ಮ ವಾಟ್ಸಾಪ್ ಮೆಸೇಜ್‌ಗೂ ಉತ್ತರ ಇದೆ. ಹೆನ್ರಿ ‘ಮೂಲ ಅರ್ಥ’ ಅಂತ ಹಿಡಿದುಕೊಂಡದ್ದು ಅಚ್ಚುಕಟ್ಟು ಅನ್ನೋದನ್ನು. ಅದು ಮೂಲ ಅಲ್ಲ. ಅದಕ್ಕಿಂತ ಮೊದಲು ಕೊಸರಾಟ ಇತ್ತು. ಅದಕ್ಕಿಂತ ಮೊದಲು ಪೆದ್ದತನ ಇತ್ತು. ಪೆದ್ದತನವೂ ಮೂಲ ಅಲ್ಲ, ಅದಕ್ಕೂ ಹಿಂದೆ ‘ತಿಳಿಯದ’ ಇತ್ತು. ಮೂಲವೇ ನಿಜ ಅನ್ನುವವರು ಎಲ್ಲಿ ನಿಲ್ಲುತ್ತಾರೆ? ತಮಗೆ ಗೊತ್ತಿರುವಷ್ಟು ಹಿಂದೆ ಹೋಗಿ ಅಲ್ಲೇ ನಿಂತುಬಿಡುತ್ತಾರೆ.

ನಮ್ಮ ಅಡುಗೆಮನೆಯ ‘ಎಣ್ಣೆ’ಯನ್ನೇ ತೆಗೆದುಕೊಳ್ಳಿ. ಅದು ‘ಎಳ್ + ನೆಯ್’, ಅಂದರೆ ಎಳ್ಳಿನ ನೆಯ್. ನೆಯ್ ಅಂದರೆ ಹಳಗನ್ನಡದಲ್ಲಿ ಜಿಡ್ಡು, ತುಪ್ಪ. ಮೂಲದಲ್ಲಿ ಎಳ್ಳೆಣ್ಣೆ ಮಾತ್ರ ಎಣ್ಣೆ. ಹಾಗಂತ ಕೊಬ್ಬರಿ ಎಣ್ಣೆ ಅನ್ನುವವರೆಲ್ಲ ತಪ್ಪು ಮಾತಾಡುತ್ತಿದ್ದಾರೆ ಅಂತ ಯಾರಾದರೂ ಹೇಳುತ್ತಾರಾ? ಸೀಮೆಎಣ್ಣೆಯಲ್ಲಿ ಎಳ್ಳೂ ಇಲ್ಲ, ನೆಯ್ಯೂ ಇಲ್ಲ. ಇವತ್ತಿನ ಹುಡುಗರು ‘ಎಣ್ಣೆ’ ಅಂದರೆ ಇನ್ನೇನೋ ಅರ್ಥ. ಪದದ ಅರ್ಥ ಅದನ್ನು ಈಗ ಆಡುವವರ ನಡುವೆ ಇರುತ್ತೆ. ಹುಟ್ಟಿದ ಊರಿನಲ್ಲಿ ಯಾರೂ ಅದನ್ನು ಬೀಗ ಹಾಕಿ ಇಟ್ಟಿರಲ್ಲ.

ಅಂದ ಹಾಗೆ, ನೆಸ್ಕಿಯುಸ್ ಪದದ ಇನ್ನೊಂದು ಸಂತಾನ ಸ್ಪ್ಯಾನಿಷ್‌ನಲ್ಲಿ ಇದೆ. ‘ನೆಸಿಯೊ’. ಅದರ ಅರ್ಥ ಇವತ್ತಿಗೂ ಪೆದ್ದ, ಮೊಂಡ. ಒಂದೇ ತಾಯಿಯ ಮಕ್ಕಳು, ಒಬ್ಬರು ಊರಲ್ಲೇ ಉಳಿದರು, ಒಬ್ಬರು ಪರದೇಶಕ್ಕೆ ಹೋಗಿ ಗುರುತು ಸಿಗದಷ್ಟು ಬದಲಾದರು. ನೈಸ್‌ಗೆ ಎದುರು ದಿಕ್ಕಿನಲ್ಲಿ ನಡೆದ ಪದವೂ ಇಂಗ್ಲಿಷಿನಲ್ಲಿದೆ. ‘ಸಿಲ್ಲಿ’ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಧನ್ಯ, ದೇವರ ದಯೆ ಇರುವವನು. ಅದು ಸಾತ್ವಿಕ ಆಗಿ, ಪಾಪದವನು ಆಗಿ, ಕೈಲಾಗದವನು ಆಗಿ, 1500ರ ದಶಕಗಳ ಕೊನೆಕೊನೆಗೆ ಪೆದ್ದ ಆಯಿತು. ಜರ್ಮನ್‌ನಲ್ಲಿ ಅದರ ಸೋದರ ‘ಝೇಲಿಷ್’ ಇನ್ನೂ ಧನ್ಯ ಅನ್ನುವ ಅರ್ಥದಲ್ಲೇ ಇದೆ. ನಮ್ಮ ‘ಸಾಧು’ ಕೂಡ ಇದೇ ದಾರಿಯಲ್ಲಿ ಸ್ವಲ್ಪ ದೂರ ಬಂದಿದೆ. ಸಾಧು ಸಂತರಲ್ಲೂ ಸಾಧು ಇದ್ದಾರೆ, ‘ಆ ಹಸು ಸಾಧು, ಹಾಯಲ್ಲ’ ಅನ್ನೋದರಲ್ಲೂ ಇದೆ, ‘ಅವನು ತೀರಾ ಸಾಧು, ಯಾರು ಬೇಕಾದರೂ ಟೋಪಿ ಹಾಕ್ತಾರೆ’ ಅನ್ನೋದರಲ್ಲೂ ಇದೆ.

ನೈಸ್ ಪದದ ಪ್ರಯಾಣ ಇಂಗ್ಲಿಷಿನಲ್ಲೇ ಮುಗಿಯಲಿಲ್ಲ, ಕನ್ನಡಕ್ಕೂ ಬಂತು. ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಭಾಗ ಇದು. ನಮ್ಮ ಮನೆಯಲ್ಲಿ ದೋಸೆಗೆ ರುಬ್ಬುವಾಗ ಅಮ್ಮ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದರು. ತರಿತರಿ ಸಿಕ್ಕರೆ ‘ಇನ್ನೂ ನೈಸಾಗಿಲ್ಲ, ಇನ್ನೆರಡು ಸುತ್ತು ತಿರುವು’ ಅನ್ನುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರ ನೈಸ್ ಅಂದರೆ ನುಣ್ಣಗೆ. ಇವತ್ತಿನ ಇಂಗ್ಲಿಷಿನವರು ಹಿಟ್ಟು ನುಣ್ಣಗಿದೆ ಅನ್ನೋಕೆ ‘ನೈಸ್’ ಅನ್ನಲ್ಲ. ಆದರೆ ಜಾನ್ಸನ್ ಕಾಲದವರು ಸಣ್ಣದು, ಸೂಕ್ಷ್ಮ, ನವಿರು ಅನ್ನೋಕೆ ನೈಸ್ ಅನ್ನುತ್ತಿದ್ದರು. ಆ ಅರ್ಥಕ್ಕೆ ಅಮ್ಮನ ಮಾತು ಎಷ್ಟು ಹತ್ತಿರ ನೋಡಿ.

ಇಷ್ಟೇ ಅಲ್ಲ. ‘ಅಪ್ಪನನ್ನು ನೈಸ್ ಮಾಡಿ ದುಡ್ಡು ಇಸ್ಕೊಂಡ’ ಅಂದರೆ ಪುಸಲಾಯಿಸಿದ. ‘ಕೆಲಸ ಬಂದಾಗ ನೈಸಾಗಿ ಜಾರಿಕೊಂಡ’ ಅಂದರೆ ಸದ್ದಿಲ್ಲದೆ, ಉಪಾಯವಾಗಿ. ಈ ಅರ್ಥಗಳು ಇಂಗ್ಲಿಷಿನಿಂದ ಬಂದವಲ್ಲ. ಎಲ್ಲಿಂದ ಬಂದವು? ನನ್ನ ಅನಿಸಿಕೆ ಹೇಳುತ್ತೇನೆ. ನಮ್ಮಲ್ಲಿ ಆಗಲೇ ‘ನಯ’ ಅನ್ನುವ ಪದ ಇತ್ತು. ನಯವಾದ ಬಟ್ಟೆ ಅಂದರೆ ನುಣುಪು. ನಯವಾಗಿ ಮಾತಾಡಿದ ಅಂದರೆ ಮೃದುವಾಗಿ. ನಯವಂಚಕ ಅಂದರೆ ಸಿಹಿಮಾತಾಡಿ ಮೋಸ ಮಾಡುವವನು. ನುಣುಪು, ಮೃದು, ಮೋಸ ಮೂರೂ ಅಲ್ಲಿದ್ದವು. ಹೆಚ್ಚುಕಮ್ಮಿ ಅದೇ ಸದ್ದಿನ ನೈಸ್ ಬಂದಾಗ ಜನ ಅದನ್ನು ನಯದ ಪಕ್ಕದಲ್ಲೇ ಕೂರಿಸಿದರು. ನಯದ ಗುಣಗಳೆಲ್ಲ ಅದಕ್ಕೆ ಅಂಟಿಕೊಂಡವು. ಹಾಗಾಗಿ ಇದನ್ನು ಕೆಟ್ಟ ಇಂಗ್ಲಿಷ್ ಅಂತ ನಾನು ಕರೆಯಲ್ಲ. ಇದು ಕನ್ನಡ ಪದ.

ಬೆಂಗಳೂರಿನ ‘ನೈಸ್ ರೋಡ್’ಗೂ ಇದಕ್ಕೂ ಸಂಬಂಧ ಇಲ್ಲ. ಅದು ರಸ್ತೆ ಕಟ್ಟಿದ ಕಂಪನಿಯ ಹೆಸರಿನ ಮೊದಲ ಅಕ್ಷರಗಳು. ಫ್ರಾನ್ಸಿನ ‘ನೀಸ್’ ಊರಿಗೂ ಸಂಬಂಧ ಇಲ್ಲ, ಆ ಹೆಸರು ಗ್ರೀಕರಿಂದ ಬಂದದ್ದು. ಆದರೆ ಸಾಫ್ಟ್‌ವೇರ್‌ನವರು ಬಳಸುವ ಯುನಿಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ‘ನೈಸ್’ ಅನ್ನುವ ಕಮಾಂಡ್ ಇದೆ, ಅದು ಈ ಪದವೇ. ಒಂದು ಪ್ರೋಗ್ರಾಮಿಗೆ ನೈಸ್ ಅಂಕಿ ಜಾಸ್ತಿ ಕೊಟ್ಟಷ್ಟೂ ಅದು ಬೇರೆಯವರಿಗೆ ದಾರಿ ಬಿಟ್ಟು ಹಿಂದೆ ನಿಲ್ಲುತ್ತೆ.

ಇನ್ನು ಟೀಚರ್ ಹಾಕಿದ ಕೆಂಪು ಸುತ್ತು. ಅದು ದಡ್ಡ ಅನ್ನುವ ಅರ್ಥಕ್ಕೆ ಹಾಕಿದ್ದು ಅಂತ ನನಗೆ ಅನ್ನಿಸಲ್ಲ. ಹೆನ್ರಿ ಟಿಲ್ನಿಯ ದೂರೇ ಇವತ್ತಿಗೂ ಇಂಗ್ಲಿಷ್ ಟೀಚರ್‌ಗಳ ದೂರು. ದಿನವೂ ನೈಸ್, ತಿಂಡಿಯೂ ನೈಸ್, ಅಜ್ಜಿಯೂ ನೈಸ್ ಅಂದರೆ ಓದಿದವರಿಗೆ ಅಜ್ಜಿ ಕಾಣಿಸಲ್ಲ. 1926ರಲ್ಲಿ ಇಂಗ್ಲಿಷ್ ಬಳಕೆಯ ಬಗ್ಗೆ ಹೆಸರಾಂತ ಕೈಪಿಡಿ ಬರೆದ ಫೌಲರ್ ಕೂಡ, ಈ ಪದ ತನ್ನ ಸ್ವಂತಿಕೆಯನ್ನೆಲ್ಲ ಕಳೆದುಕೊಂಡು ಬರೀ ಮೆಲುವಾದ ಮೆಚ್ಚುಗೆ ಸೂಸುವ ಪದ ಆಗಿದೆ ಅಂತ ಬೇಸರಪಟ್ಟಿದ್ದ. ಅದಕ್ಕೆ ಹೆಂಗಸರನ್ನು ದೂರಿದ್ದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಮಾತಿನಲ್ಲಿ ಇಂಥ ಪದ ಬೇಕು. ಮನೆಗೆ ಬಂದವರು ಕೊಟ್ಟ ಕಾಫಿ ಕುಡಿದು ‘ಚೆನ್ನಾಗಿದೆ’ ಅಂತಾರೆ, ಅಷ್ಟು ಸಾಕು, ಅದಕ್ಕಿಂತ ಜಾಸ್ತಿ ವಿವರ ಯಾರೂ ಕೇಳಲ್ಲ. ಪ್ರಬಂಧದಲ್ಲಿ ಮಾತ್ರ ಅಷ್ಟು ಸಾಲದು.

ಹಾಗಾಗಿ ಮಗಳಿಗೆ ಪದ ಹೊಡೆದುಹಾಕು ಅನ್ನಬೇಡಿ. ಅಜ್ಜಿ ಯಾಕೆ ನೈಸ್ ಅಂತ ಕೇಳಿ. ಮಧ್ಯಾಹ್ನ ಸ್ಕೂಲಿಂದ ಬಂದಾಗ ಅವರು ಏನು ಮಾಡಿಟ್ಟಿರುತ್ತಾರೆ, ಬೈದ ಮೇಲೆ ಹೇಗೆ ಸಮಾಧಾನ ಮಾಡುತ್ತಾರೆ, ಎದುರುಮನೆಯವರಿಗೆ ಏನು ಕೊಟ್ಟು ಕಳಿಸುತ್ತಾರೆ ಅಂತ ಕೇಳಿ. ಅವಳು ಬಾಯಲ್ಲಿ ಹೇಳಿದ್ದನ್ನೇ ಮುಂದಿನ ಸಾಲಿನಲ್ಲಿ ಬರೆಯಲಿ. ಅಷ್ಟು ಬರೆದ ಮೇಲೆ ಆ ‘ನೈಸ್’ ಅಲ್ಲೇ ಇದ್ದರೂ ಟೀಚರ್ ಸುತ್ತು ಹಾಕಲ್ಲ ಅಂತ ನನ್ನ ನಂಬಿಕೆ.